ಕಪ್ಪು ಹುಡುಗಿಗೆ ಹಳದಿ ಲಂಗ ಒಪ್ಪುವುದಿಲ್ಲವೇ?

ನಿಮ್ಮದು ಯಾವ ಋತು?

ಗಾಬರಿಯಾಗಬೇಡಿ, ನಾವು ಪಂಚಾಂಗ ಕೇಳುತ್ತಿಲ್ಲ. ಮೊಬೈಲಿಗೆ ಮುಖ ತೋರಿಸಿದರೆ ಚರ್ಮ, ಕೂದಲು, ಕಣ್ಣಿನ ಬಣ್ಣ ನೋಡಿ "ನೀವು ವಸಂತ", "ನೀವು ಚಳಿಗಾಲ" ಎಂದು ಹೇಳುವ ಆಪ್‌ಗಳು ಬಂದಿವೆ. ಒಂದೊಂದು ಋತುವಿಗೆ ಒಂದೊಂದು ಬಣ್ಣದ ಪಟ್ಟಿ. ಪಟ್ಟಿಯಲ್ಲಿರುವ ಬಣ್ಣ ಉಟ್ಟರೆ ಮುಖ ಬೆಳಗುತ್ತದೆ, ಇಲ್ಲದ್ದನ್ನು ಉಟ್ಟರೆ ಮಂಕಾಗುತ್ತದೆ ಎಂಬ ಲೆಕ್ಕ. ದೊಡ್ಡ ತರಗತಿಯ ಹೆಣ್ಣುಮಕ್ಕಳಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಮೇಷ್ಟ್ರುಗಳಿಗೆ ಗೊತ್ತಿಲ್ಲ, ಅಷ್ಟೇ. ಆದರೆ ವಾರ್ಷಿಕೋತ್ಸವಕ್ಕೆ ಯಾರಿಗೆ ಯಾವ ಬಟ್ಟೆ ಎಂದು ಗೊತ್ತು ಮಾಡುವವರು ನಾವೇ ತಾನೇ? ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು.

ಈ ವಿಷಯ ನಮ್ಮ ತಲೆಗೆ ಹೊಕ್ಕಿದ್ದು ಓಡೈಪಟ್ಟಿಯಲ್ಲಿ. ತೇನಿ ಜಿಲ್ಲೆಯ ಉತ್ತಮಪಾಳಯಂ ತಾಲ್ಲೂಕಿನ ಊರು, ಬೀಜವಿಲ್ಲದ ದ್ರಾಕ್ಷಿಗೆ ಹೆಸರಾದದ್ದು. ಕಂಬಂ ಕಣಿವೆಯ ಕಡೆ ಕನ್ನಡ ಮನೆಮಾತಿನ ಒಕ್ಕಲಿಗರು ತಲೆತಲಾಂತರದಿಂದ ಇದ್ದಾರೆ. ತಮಿಳಿನಲ್ಲಿ ಅವರನ್ನು ಕಪ್ಪಿಲಿಯರ್ ಎನ್ನುತ್ತಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ನಮ್ಮ ಹಾಗೆ ಕನ್ನಡ ಪುಸ್ತಕ ಹಿಡಿದು ಪಾಠ ಮಾಡುವ ಭಾಗ್ಯ ಅಲ್ಲಿಲ್ಲ. ಪರಿಚಯದವರ ಮನೆಯಲ್ಲಿ ಒಂದು ಮಂಜಳ್ ನೀರಾಟು, ಅಂದರೆ ಹುಡುಗಿ ದೊಡ್ಡವಳಾದಾಗ ಮಾಡುವ ಅರಿಶಿನ ನೀರಿನ ಶಾಸ್ತ್ರ. ಹಿಂದಿನ ದಿನ ಬಟ್ಟೆ ಆರಿಸುತ್ತಿದ್ದರು. ಹುಡುಗಿಯ ಅಕ್ಕ, ಹನ್ನೊಂದನೇ ತರಗತಿಯವಳು, ತಂಗಿಯ ಮುಖವನ್ನು ಮೊಬೈಲಿಗೆ ತೋರಿಸಿ ನಮ್ಮ ಹತ್ತಿರ ಬಂದಳು. (ಅವರ ಮನೆಗನ್ನಡವನ್ನು ನಮ್ಮ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇವೆ.)

"ಮಾಮ, ಇವಳಿಗೆ ಆಟಮ್ ಅಂತ ಬಂದಿದೆ. ಆಟಮ್ ಅಂದರೆ ಯಾವ ಮಾಸ?"

ನಾವು ಶರತ್ಕಾಲ ಎಂದೆವು. ಅವಳಿಗೆ ತಿಳಿಯಲಿಲ್ಲ. ಐಪ್ಪಸಿ ತಿಂಗಳ ಆಸುಪಾಸು ಎಂದೆವು. ಪಕ್ಕದಲ್ಲಿದ್ದ ಅಜ್ಜಿ, "ಐಪ್ಪಸಿಯಲ್ಲಿ ಮಳೆ ಬರುತ್ತದೆ, ಬಣ್ಣ ಎಲ್ಲಿ ಬರುತ್ತದೆ?" ಎಂದು ನಕ್ಕರು. ಅಷ್ಟರಲ್ಲಿ ಅತ್ತೆಯೊಬ್ಬರು ಅರಿಶಿನ ಬಣ್ಣದ ಪಾವಾಡೆಯನ್ನು ಮಡಚಿ ಬದಿಗಿಟ್ಟರು. "ಇದು ಬೇಡ. ಇವಳು ಕಪ್ಪು. ಮಂಜಳ್ ಎಡುಪ್ಪಾ ಇರುಕ್ಕಾದು." ಎಡುಪ್ಪು ಎಂದರೆ ನಮ್ಮ ಕಡೆ 'ಎತ್ತಿ ಕಾಣುವುದು' ಅನ್ನುತ್ತೇವಲ್ಲ, ಅದು. ತಮಾಷೆ ನೋಡಿ, ಆಪ್ ಹೇಳಿದ ಶರತ್ಕಾಲದ ಪಟ್ಟಿಯಲ್ಲಿ ಮೊದಲು ಕಾಣುವುದೇ ಅರಿಶಿನ, ಸಾಸಿವೆಯಂಥ ಹಳದಿಗಳು. ಅತ್ತೆ ಬೇಡ ಅಂದದ್ದನ್ನು ಆಪ್ ಉಡು ಅನ್ನುತ್ತಿದೆ! ನಡುವೆ ನಿಂತ ಹುಡುಗಿ ಒಂದು ಮಾತೂ ಆಡಲಿಲ್ಲ. ಅವಳ ಮುಖದ ಹತ್ತಿರ ಆ ಪಾವಾಡೆಯನ್ನು ಹಿಡಿದು ಬೆಳಕಿನಲ್ಲಿ ನೋಡುವ ಕೆಲಸವನ್ನು ಇಬ್ಬರೂ ಮಾಡಿರಲಿಲ್ಲ.

ಮೊದಲು ಈ ಆಪ್‌ನ ಮೂಲ ನೋಡೋಣ. ಬಣ್ಣವನ್ನು ಮನುಷ್ಯನ ಮೈಬಣ್ಣದ ಜೊತೆ ಇಟ್ಟು ಯೋಚಿಸಿದವರಲ್ಲಿ ಯೊಹಾನೆಸ್ ಇಟ್ಟೆನ್ ಎಂಬ ಸ್ವಿಸ್ ಮೇಷ್ಟ್ರು ಪ್ರಮುಖರು. 1919ರಿಂದ 1923ರವರೆಗೆ ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಪಾಠ ಮಾಡಿದವರು. ಮಕ್ಕಳು ತಾವಾಗಿ ಆರಿಸಿಕೊಳ್ಳುವ ಬಣ್ಣಗಳಿಗೂ ಅವರವರ ಮೈ ಮತ್ತು ಕೂದಲ ಬಣ್ಣಕ್ಕೂ ನಂಟಿದೆ ಎಂದು ಗಮನಿಸಿ, 1961ರಲ್ಲಿ ಬಂದ ತಮ್ಮ ಬಣ್ಣದ ಪುಸ್ತಕದಲ್ಲಿ ಬರೆದರು. ನಾಲ್ಕು ಋತುಗಳ ಬಣ್ಣಗಳ ವಿವರವೂ ಅದರಲ್ಲಿದೆ. ಇದನ್ನು ಮನೆಮನೆಗೆ ಮುಟ್ಟಿಸಿದ್ದು ಅಮೆರಿಕದ ಕ್ಯಾರೊಲ್ ಜಾಕ್ಸನ್ ಎಂಬಾಕೆ, 1980ರ 'ಕಲರ್ ಮಿ ಬ್ಯೂಟಿಫುಲ್' ಪುಸ್ತಕದಿಂದ. ಹೊಂಬಣ್ಣದ ಕೂದಲು, ನೀಲಿ ಕಣ್ಣು, ಮುಖದ ಮೇಲೆ ಕಂದು ಚುಕ್ಕೆ... ಹೀಗೆ ಬಿಳಿಯರನ್ನು ಸೂಕ್ಷ್ಮವಾಗಿ ನೋಡಿ ನಾಲ್ಕು ಪೆಟ್ಟಿಗೆ ಮಾಡಿದರು. ಸರಿ, ನಮ್ಮ ಗತಿ? ಆಫ್ರಿಕದವರು, ಏಷ್ಯದವರು, ಇಂಡಿಯದವರು ಬಹುಪಾಲು ಒಂದೇ ಪೆಟ್ಟಿಗೆಗೆ. ಚಳಿಗಾಲ! ಕಪ್ಪು ಕೂದಲು, ಕಪ್ಪು ಕಣ್ಣು ಕಂಡರೆ ಮುಗಿಯಿತು. ಆಮೇಲೆ ಬಂದವರು ನಾಲ್ಕನ್ನು ಹನ್ನೆರಡು, ಹದಿನಾರು ಮಾಡಿ ಕೊಂಚ ಸರಿಪಡಿಸಿದ್ದಾರೆ. ಆದರೂ ಬುನಾದಿ ಅದೇ.

ಕಂಬಂ ಕಣಿವೆಯಲ್ಲಿ ಹಿಮವೂ ಬೀಳುವುದಿಲ್ಲ, ಎಲೆ ಕೆಂಪಾಗಿ ಉದುರುವ ಕಾಲವೂ ಇಲ್ಲ. ಅಲ್ಲಿಯದು ಆಡಿ ತಿಂಗಳ ಗಾಳಿ, ಐಪ್ಪಸಿ ಮಳೆ, ಮಾರ್ಗಳಿ ಮಂಜು, ಚಿತ್ತಿರೈ ಬಿಸಿಲು. 1895ರಲ್ಲಿ ಮುಗಿದ ಮುಲ್ಲೈಪೆರಿಯಾರ್ ಅಣೆಕಟ್ಟಿನ ನೀರು ಹರಿಯುವ ಕಣಿವೆ. ವರ್ಷದಲ್ಲಿ ಯಾವ ತಿಂಗಳು ಹೋದರೂ ಎಲ್ಲೋ ಒಂದು ತೋಟದಲ್ಲಿ ದ್ರಾಕ್ಷಿ ಕೊಯ್ಲು ನಡೆದೇ ಇರುತ್ತದೆ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಕಂಬಂ ಪನ್ನೀರ್ ದ್ರಾಕ್ಷಿಯ ವಿಶೇಷವೇ ಅದು. ಇಂಥ ಊರಿನ ಹುಡುಗಿಗೆ 'ನೀನು ಶರತ್ಕಾಲ' ಎಂದರೆ ಅವಳ ಕಣ್ಣ ಮುಂದೆ ಯಾವ ಬಣ್ಣ ಬರಬೇಕು ಹೇಳಿ?

ಹಾಗಂತ ಇಡೀ ವಿದ್ಯೆಯೇ ಸುಳ್ಳು ಎಂದು ನಾವು ಹೇಳುವುದಿಲ್ಲ. ಅದರಲ್ಲಿ ಒಂದು ಗಟ್ಟಿ ಕಾಳಿದೆ. ಫ್ರಾನ್ಸಿನ ಗೊಬೆಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಶೆವ್ರಲ್ ಎಂಬ ರಸಾಯನ ವಿಜ್ಞಾನಿಗೆ ಒಂದು ದೂರು ಬಂತು. ನಿಮ್ಮ ಕಪ್ಪು ನೂಲು ಸರಿಯಾಗಿ ಕಪ್ಪಗಿಲ್ಲ ಅಂತ. ಅವರು ಪರೀಕ್ಷಿಸಿದರು. ನೂಲು ಸರಿಯಾಗಿಯೇ ಇತ್ತು. ಪಕ್ಕದಲ್ಲಿ ನೇಯ್ದ ಬಣ್ಣ ಅದನ್ನು ಹಾಗೆ ಕಾಣಿಸುತ್ತಿತ್ತು. 1839ರಲ್ಲಿ ಅವರು ಇದನ್ನೇ ದೊಡ್ಡ ಪುಸ್ತಕ ಮಾಡಿದರು. ಒಂದು ಬಣ್ಣ ಹೇಗೆ ಕಾಣುತ್ತದೆ ಎಂಬುದು ಅದರ ನೆರೆಯ ಬಣ್ಣದ ಮೇಲೆ ನಿಂತಿದೆ. ಮುಖಕ್ಕೆ ನೆರೆ ಯಾರು? ಕುತ್ತಿಗೆಯ ಬಳಿಯ ಬಟ್ಟೆ. ಸಾಲದ್ದಕ್ಕೆ ಬಿಸಿಲು ಬಟ್ಟೆಗೆ ಬಡಿದು ಗಲ್ಲದ ಕೆಳಗೆ, ಕೆನ್ನೆಯ ಬದಿಗೆ ಆ ಬಣ್ಣವನ್ನು ಎರಚುತ್ತದೆ. ಕಣ್ಣು ಕುಕ್ಕುವ ಗಿಣಿಹಸಿರು ಹಾಕಿದವರ ಗಲ್ಲ ನೋಡಿ, ತಿಳಿಯುತ್ತದೆ. ಅಂದರೆ 'ಒಪ್ಪುತ್ತದೆ, ಒಪ್ಪುವುದಿಲ್ಲ' ಎಂಬುದು ಬರೀ ಮನಸ್ಸಿನ ಭ್ರಮೆಯಲ್ಲ, ಕಣ್ಣಿಗೆ ಕಾಣುವ ಸಂಗತಿ.

ನಮ್ಮ ತಕರಾರು ಬೇರೆ. ಕಪ್ಪು ಮಕ್ಕಳಿಗೆ ನಾವು ಹೇಳುವ 'ಒಪ್ಪುವುದಿಲ್ಲ' ಇದೆಯಲ್ಲ, ಅದು ಹೀಗೆ ಕಣ್ಣಿನಿಂದ ಬಂದ ಮಾತಲ್ಲ. ನೋಡುವ ಮೊದಲೇ ಆಡುವ ಮಾತು ಅದು. ಕಪ್ಪಗಿದ್ದೀಯ, ಹಳದಿ ಬೇಡ. ಕೆಂಪು ಬೇಡ, ಕಪ್ಪು ಅಂತೂ ಬೇಡವೇ ಬೇಡ. ಎದ್ದು ಕಾಣುವ ಯಾವುದೂ ಬೇಡ. ಹಾಗಾದರೆ ಏನು ಬೇಕು? ಬೂದಿ ಬಣ್ಣ, ಮಾಸಲು ಗುಲಾಬಿ, ಬಿಸ್ಕತ್ತಿನ ಬಣ್ಣ. ಅಂದರೆ ಯಾರ ಕಣ್ಣಿಗೂ ಬೀಳದೆ ಇರು ಎಂದು ಅರ್ಥ!

ಹಳದಿಯ ವಿಚಾರವನ್ನೇ ತೆಗೆದುಕೊಳ್ಳಿ. ನಮ್ಮ ದೇಶದಲ್ಲಿ ಅತಿ ಹೆಸರಾದ ಕಪ್ಪು ಮೈಯವನು ಯಾರು? ಕೃಷ್ಣ. ಹೆಸರೇ ಕಪ್ಪು. ಅವನಿಗೆ ಉಡಿಸಿದ್ದು ಏನು? ಪೀತಾಂಬರ. ಅವನ ಅಣ್ಣ ಬಲರಾಮ ಬೆಳ್ಳಗಿನವನು, ಅವನಿಗೆ ನೀಲಾಂಬರ. ಕಪ್ಪು ತಮ್ಮನಿಗೆ ಹಳದಿ, ಬಿಳಿ ಅಣ್ಣನಿಗೆ ನೀಲಿ! ಎಷ್ಟು ಚೆನ್ನಾಗಿ ನೋಡಿ ಆರಿಸಿದ್ದಾರೆ ನಮ್ಮ ಹಿರಿಯರು. ಶೆವ್ರಲ್ ಬಂದು ಹೇಳಬೇಕಾಗಿರಲಿಲ್ಲ. ಕಂಬಂನ ಒಕ್ಕಲಿಗರು ಮಾಟ್ಟು ಪೊಂಗಲ್ ದಿನ ಸೇರುವುದು ನಂದಗೋಪಾಲನ ಹೆಸರಿನ ತಂಬಿರಾನ್ ಮಾಟ್ಟು ತೊಳುವಿನಲ್ಲಿ, ದೇವರ ದನಗಳ ಕೊಟ್ಟಿಗೆಯಲ್ಲಿ. ಆ ಗೋಪಾಲನಿಗೆ ಪೀತಾಂಬರ ಒಪ್ಪುತ್ತದೆ, ಅದೇ ಬಣ್ಣದ ಮನೆಮಗಳಿಗೆ ಹಳದಿ ಪಾವಾಡೆ ಒಪ್ಪುವುದಿಲ್ಲ. ಇದು ಯಾವ ಲೆಕ್ಕ?

ದೇವರ ಮಾತು ಬೇಡ ಎನ್ನುವವರು ಚಿತ್ತಿರೈಯಲ್ಲಿ ತೇನಿ ಹತ್ತಿರದ ವೀರಪಾಂಡಿ ಗೌಮಾರಿಯಮ್ಮನ ಜಾತ್ರೆಗೆ ಹೋಗಿ ಬನ್ನಿ. ಹರಕೆ ಹೊತ್ತ ಹೆಂಗಸರು ಅರಿಶಿನ ಬಣ್ಣದ ಸೀರೆಯುಟ್ಟು, ಬೇವಿನ ಸೊಪ್ಪು ಹಿಡಿದು ಉರಿ ಬಿಸಿಲಲ್ಲಿ ನಡೆಯುತ್ತಾರೆ. ಗದ್ದೆ ತೋಟದಲ್ಲಿ ದುಡಿದು ಕಪ್ಪಾದ ಮುಖಗಳು. ಆ ಹಳದಿಯ ಮೇಲೆ ಆ ಮುಖ ಎಷ್ಟು ಕಳೆಯಾಗಿರುತ್ತದೆ ಎಂದು ಕಣ್ಣಿದ್ದವರು ನೋಡಬೇಕು. ಅಲ್ಲಿ ಯಾರೂ 'ನಿನಗೆ ಎಡುಪ್ಪಿಲ್ಲ' ಎನ್ನುವುದಿಲ್ಲ. ಹರಕೆಗೆ ಒಪ್ಪುವ ಬಣ್ಣ ಹಬ್ಬದ ಫೋಟೋಗೆ ಯಾಕೆ ಒಪ್ಪುವುದಿಲ್ಲವೋ!

ಮಾತಿನಲ್ಲೂ ಹೀಗೇ ಆಗಿದೆ. ತಮಿಳಿನಲ್ಲಿ ಬೆಳ್ಳಗಿರುವವರನ್ನು 'ಸಿವಪ್ಪು', ಅಂದರೆ ಕೆಂಪು ಎನ್ನುತ್ತಾರೆ. ನಾವೂ 'ಹುಡುಗಿ ಕೆಂಪಗಿದ್ದಾಳೆ' ಎನ್ನುತ್ತೇವೆ. ಅದು ಹೊಗಳಿಕೆ. 'ಕಪ್ಪಗಿದ್ದಾಳೆ, ಆದರೆ ಲಕ್ಷಣವಾಗಿದ್ದಾಳೆ' ಎನ್ನುವಾಗ ಆ 'ಆದರೆ' ಎಲ್ಲಿಂದ ಬಂತು? ಒಂದು ಕಾಲಕ್ಕೆ ಕರಿಯಪ್ಪ, ಕರಿಯಮ್ಮ, ಕಾಳಮ್ಮ ಎಂದು ಪ್ರೀತಿಯಿಂದ ಹೆಸರಿಟ್ಟವರು ನಾವು. ತಮಿಳರ ಕಾವಲು ದೇವರು ಕರುಪ್ಪಸಾಮಿ. 1975ರಲ್ಲಿ ಫೇರ್ ಅಂಡ್ ಲವ್ಲಿ ಬಂತು. ಬೆಳ್ಳಗಾದರೆ ಕೆಲಸ ಸಿಗುತ್ತದೆ, ಗಂಡು ಸಿಗುತ್ತದೆ ಎಂದು ವರ್ಷಗಟ್ಟಲೆ ಟಿವಿಯಲ್ಲಿ ಪಾಠ ಮಾಡಿತು. ನಮ್ಮ ಪಾಠಕ್ಕಿಂತ ಅದೇ ಚೆನ್ನಾಗಿ ಮಕ್ಕಳ ತಲೆಗೆ ಹತ್ತಿತು. 2020ರಲ್ಲಿ ಹೆಸರಿನಿಂದ 'ಫೇರ್' ತೆಗೆದು 'ಗ್ಲೋ' ಮಾಡಿದರು. ಚೆನ್ನೈನ ವಿಮೆನ್ ಆಫ್ ವರ್ತ್ ಸಂಸ್ಥೆಯವರು 'ಡಾರ್ಕ್ ಈಸ್ ಬ್ಯೂಟಿಫುಲ್' ಎಂಬ ಚಳವಳಿ ಶುರು ಮಾಡಿದ್ದು 2009ರಲ್ಲಿ, ನಟಿ ನಂದಿತಾ ದಾಸ್ ಅದಕ್ಕೆ ದನಿಗೂಡಿಸಿದ್ದು 2013ರಲ್ಲಿ. ಒಳ್ಳೆಯ ಕೆಲಸ. ಆದರೆ ಚೆನ್ನೈಯಲ್ಲಿ ಆದದ್ದು ನಮ್ಮ ಗಡಿ ಊರುಗಳ ಶಾಲಾ ವೇದಿಕೆಯವರೆಗೆ ಬಂದಿಲ್ಲ.

ಹಾಗಾದರೆ ಬಣ್ಣ ಆರಿಸುವುದು ಹೇಗೆ? ಇದಕ್ಕೆ ಆಪ್ ಬೇಡ, ಮನೆಯಲ್ಲಿರುವ ಹಳೆ ಸೀರೆಗಳು ಸಾಕು. ಬೆಳಿಗ್ಗೆ ಹತ್ತರ ಸುಮಾರಿಗೆ ಶಾಲೆಯ ಜಗಲಿಯ ನೆರಳಿನಲ್ಲಿ ನಿಲ್ಲಿಸಿ. ಟ್ಯೂಬ್‌ಲೈಟ್ ಬೆಳಕು ಬೇಡ, ನೇರ ಬಿಸಿಲೂ ಬೇಡ. ಮುಖಕ್ಕೆ ಪೌಡರ್ ಇರಬಾರದು. (ಬೂದಿ ಬಳಿದ ಹಾಗೆ ಪೌಡರ್ ಹಚ್ಚಿ ಕಳಿಸುವ ಅಮ್ಮಂದಿರೇ, ದಯವಿಟ್ಟು ನಿಲ್ಲಿಸಿ!) ಕುತ್ತಿಗೆಯ ಕೆಳಗೆ ಬಟ್ಟೆ ಹಿಡಿಯಿರಿ. ನೋಡಬೇಕಾದದ್ದು ಬಟ್ಟೆಯನ್ನಲ್ಲ, ಮುಖವನ್ನು. ಕಣ್ಣಿನ ಕೆಳಗಿನ ನೆರಳು ಕಡಿಮೆಯಾಯಿತೋ ಹೆಚ್ಚಾಯಿತೋ, ತುಟಿಯ ಗೆರೆ ಸ್ಪಷ್ಟವಾಯಿತೋ ಕಲಸಿತೋ, ಮೊದಲು ಕಣ್ಣಿಗೆ ಬಿದ್ದದ್ದು ಮುಖವೋ ಬಟ್ಟೆಯೋ. ಒಂದು ಬಟ್ಟೆ ಹಿಡಿದರೆ ಏನೂ ತಿಳಿಯುವುದಿಲ್ಲ. ಒಂದೇ ಬಣ್ಣದ ಎರಡು ಬಗೆಯನ್ನು ಒಂದಾದ ಮೇಲೊಂದು ಹಿಡಿಯಬೇಕು. ಅರಿಶಿನದ ಹಳದಿ, ನಿಂಬೆಯ ಹಳದಿ. ಕುಂಕುಮದ ಕೆಂಪು, ಇಟ್ಟಿಗೆಯ ಕೆಂಪು.

ಬಿಳಿಯಲ್ಲೂ ಎರಡಿದೆ. ಹಳೆಯ ಪಂಚೆಯೊಂದನ್ನು ಎರಡು ಭಾಗ ಮಾಡಿ, ಒಂದನ್ನು ಚೆನ್ನಾಗಿ ನೀಲಿ ಹಾಕಿ ಒಗೆಯಿರಿ, ಇನ್ನೊಂದಕ್ಕೆ ನೀಲಿ ಬೇಡ. ನೀಲಿ ಹಾಕಿದ ಬಿಳಿ ತಂಪು, ಹಾಕದ್ದು ಸ್ವಲ್ಪ ಕೆನೆಗಟ್ಟಿದ ಬೆಚ್ಚನೆಯ ಬಿಳಿ. ಪುಸ್ತಕದವರು ಇದಕ್ಕೆ ಮುಂಗೈ ನರ ನೋಡಿ ಎನ್ನುತ್ತಾರೆ, ಹಸಿರಾಗಿ ಕಂಡರೆ ಬೆಚ್ಚಗಿನವರು, ನೀಲಿಯಾಗಿ ಕಂಡರೆ ತಂಪಿನವರು. ನಮ್ಮ ಎಷ್ಟೋ ಮಕ್ಕಳ ಕೈಯಲ್ಲಿ ನರವೇ ಕಾಣುವುದಿಲ್ಲ. ಪಂಚೆಯ ಎರಡು ತುಂಡು ಹಿಡಿದು ನೋಡಿ, ಕಪ್ಪು ಮಕ್ಕಳಲ್ಲೇ ಎಷ್ಟು ಬಗೆ ಎಂದು ಆಶ್ಚರ್ಯವಾಗುತ್ತದೆ. ಕೆಲವರಿಗೆ ಕೆನೆ ಬಿಳಿಯಲ್ಲಿ ಮುಖ ತಾಮ್ರದ ಹಾಗೆ ಹೊಳೆಯುತ್ತದೆ. ಕೆಲವರಿಗೆ ನೀಲಿ ಹಾಕಿದ ಬಿಳಿಯಲ್ಲಿ ಮುಖ ನಿಚ್ಚಳವಾಗುತ್ತದೆ.

ನಮ್ಮ ಹಳಬರಿಗೆ ಈ ವ್ಯತ್ಯಾಸ ಗೊತ್ತಿತ್ತು ಅನ್ನಿಸುತ್ತದೆ. ಮಾತುಗಳನ್ನೇ ನೋಡಿ. ಎಣ್ಣೆಗೆಂಪು, ಎಣ್ಣೆಗಪ್ಪು, ನಸುಗಪ್ಪು, ಗೋಧಿ ಬಣ್ಣ, ನೇರಳೆ ಹಣ್ಣಿನ ಬಣ್ಣ, ಶ್ಯಾಮಲ ವರ್ಣ. ಅಮೆರಿಕದ ಪುಸ್ತಕ ಚಳಿಗಾಲ ಎಂದು ಒಂದೇ ಪೆಟ್ಟಿಗೆಗೆ ಹಾಕಿದ್ದನ್ನು ಕನ್ನಡ ಆರು ಮಾಡಿ ಇಟ್ಟಿದೆ. ನಮ್ಮ ಕಣ್ಣಿಗೆ ಎಣ್ಣೆಗೆಂಪಿನವರಿಗೆ ಅರಿಶಿನ, ಇಟ್ಟಿಗೆ ಕೆಂಪು, ಮಾವಿನ ಚಿಗುರಿನ ಬಣ್ಣ, ಎಲೆಹಸಿರು ಬಹಳ ಚೆಂದ. ನೇರಳೆ ಬಣ್ಣದವರಿಗೆ ಕುಂಕುಮ ಕೆಂಪು, ನವಿಲುಗರಿಯ ನೀಲಿ, ಪನ್ನೀರ್ ದ್ರಾಕ್ಷಿಯ ಬಣ್ಣ, ಅಚ್ಚ ಬಿಳಿ. ನಿಂಬೆ ಹಳದಿ ಇವರಿಗೆ ಅರಿಶಿನಕ್ಕಿಂತ ಮೇಲು. ಇದು ಶಾಸನವಲ್ಲ, ಬಟ್ಟೆ ಹಿಡಿದು ನೋಡಿ ಬೇರೆ ಕಂಡರೆ ನಿಮ್ಮ ಕಣ್ಣನ್ನೇ ನಂಬಿ. ಇಬ್ಬರಿಗೂ ಕಳೆ ಕೆಡಿಸುವುದು ಒಂದೇ ಬಗೆಯದು, ಮೈಬಣ್ಣದಷ್ಟೇ ಗಾಢವಿದ್ದು ಅದಕ್ಕಿಂತ ಮಸುಕಾದ ಮಣ್ಣುಬೂದಿ ಬಣ್ಣಗಳು. ಅಂದರೆ ನಾವು 'ಕಪ್ಪು ಮಕ್ಕಳಿಗೆ ಇದೇ ಸರಿ' ಎಂದು ಕೊಡುವಂಥವೇ!

ದಿಂಡಿಗಲ್ ಜಿಲ್ಲೆಯ ಚಿನ್ನಾಳಪಟ್ಟಿಯ ಸುಂಗುಡಿ ಸೀರೆ ನೋಡಿದ್ದೀರಾ? ಗಾಢ ಕೆಂಪು, ನೇರಳೆ, ಎಲೆಹಸಿರಿನ ಹತ್ತಿಯ ಮೇಲೆ ಮಲ್ಲಿಗೆ ಮೊಗ್ಗಿನಂಥ ಬಿಳಿ ಚುಕ್ಕೆ. ಮಧುರೆಯ ಸೌರಾಷ್ಟ್ರದವರು ಒಂದೊಂದು ಚುಕ್ಕೆಗೂ ಬಟ್ಟೆಯನ್ನು ಗಂಟು ಕಟ್ಟಿ ಬಣ್ಣದಲ್ಲಿ ಅದ್ದಿ ತೆಗೆಯುತ್ತಿದ್ದ ವಿದ್ಯೆ, ಈಗ ಹೆಚ್ಚಿನವು ಅಚ್ಚಿನವು. ಆ ಕಡೆಯ ಬಿಸಿಲಿನ, ಆ ಕಡೆಯ ಮೈಬಣ್ಣದ ಜನ ಉಟ್ಟು ಉಟ್ಟು ಉಳಿಸಿಕೊಂಡ ಬಣ್ಣಗಳು ಅವು. ನಮ್ಮ ಇಳಕಲ್ ಸೀರೆಯ ದಾಳಿಂಬೆ ಕೆಂಪಿನ ಸೆರಗೂ ಹಾಗೆಯೇ. ಮಾಸಲು ಬಣ್ಣ ಅಲ್ಲಿ ಎಲ್ಲಿದೆ?

"ಆದರೆ ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲ ಮೇಷ್ಟ್ರೇ" ಎನ್ನುವ ತಾಯಂದಿರಿದ್ದಾರೆ. ಅವರು ಹೇಳುವುದು ಸುಳ್ಳಲ್ಲ, ತಪ್ಪು ಮಾತ್ರ ಮಗುವಿನದಲ್ಲ. ಕೊಡಕ್ ಕಂಪನಿ ಫೋಟೋ ಲ್ಯಾಬುಗಳಿಗೆ ಬಣ್ಣ ಸರಿಹೊಂದಿಸಲು ಕೊಡುತ್ತಿದ್ದ ಮಾದರಿ ಕಾರ್ಡಿನಲ್ಲಿ ಬಿಳಿ ಹೆಂಗಸೊಬ್ಬಳ ಚಿತ್ರವಿರುತ್ತಿತ್ತು. ಶರ್ಲಿ ಕಾರ್ಡ್ ಎಂದೇ ಅದರ ಹೆಸರು. ಅವಳ ಚರ್ಮ ಸರಿಯಾಗಿ ಬಂದರೆ ಎಲ್ಲ ಸರಿ. ಕಪ್ಪು ಮುಖ ಮಸಿಯಾಗಿ ಬಂದರೂ ಯಾರಿಗೂ ಚಿಂತೆಯಿಲ್ಲ. ಕಂದು ಬಣ್ಣಗಳು ಸರಿಯಾಗಿ ಬರುತ್ತಿಲ್ಲ ಎಂದು ಚಾಕೊಲೇಟ್ ಮತ್ತು ಮರದ ಪೀಠೋಪಕರಣದ ಕಂಪನಿಗಳು ದೂರಿದ ಮೇಲೆ ಕೊಡಕ್‌ನವರು ಫಿಲ್ಮ್ ಸುಧಾರಿಸಲು ಹೊರಟರಂತೆ! ಬೇರೆ ಬೇರೆ ಮೈಬಣ್ಣದವರಿರುವ ಕಾರ್ಡ್ ಬಂದದ್ದು 1990ರ ದಶಕದಲ್ಲಿ. ಈಗಿನ ಮೊಬೈಲ್ ಬಿಳಿ ಗೋಡೆ ಹಿಂದಿದ್ದರೆ ಮುಖ ಕಪ್ಪು ಮಾಡುತ್ತದೆ, 'ಬ್ಯೂಟಿ' ಒತ್ತಿದರೆ ಸುಣ್ಣ ಬಳಿಯುತ್ತದೆ. ಇಂಥ ಫೋಟೋ ನೋಡಿ ಆಪ್ ಋತು ಹೇಳುತ್ತದೆ ಎಂದರೆ ನಂಬುವುದು ಹೇಗೆ? ಬೆಳಗಿನ ಫೋಟೋ ತೆಗೆದರೆ ಒಂದು ಋತು, ರಾತ್ರಿ ತೆಗೆದರೆ ಇನ್ನೊಂದು.

ಶಾಲೆಯವರು ಇದರಲ್ಲಿ ತಲೆ ಹಾಕಬೇಕೇ, ಕನ್ನಡ ಮಾಧ್ಯಮ ಉಳಿಸಿಕೊಳ್ಳುವುದೇ ಕಷ್ಟವಾಗಿರುವಾಗ ಲಂಗದ ಬಣ್ಣದ ಚಿಂತೆಯೇ ಎಂದು ಕೆಲವರು ಕೇಳಬಹುದು. ತಾಳವಾಡಿ, ಹೊಸೂರು, ಕಾಸರಗೋಡು, ಅಕ್ಕಲಕೋಟೆ, ಜತ್ತ, ಎಲ್ಲಿಯ ಶಾಲೆಯಾದರೂ ಸರಿ, ವರ್ಷಕ್ಕೊಮ್ಮೆ ಊರೆಲ್ಲ ಸೇರಿ ನಮ್ಮ ಮಕ್ಕಳನ್ನು ಕಣ್ತುಂಬ ನೋಡುವುದು ವಾರ್ಷಿಕೋತ್ಸವದಲ್ಲಿ. ಒಂದು ಶಾಲೆಯಲ್ಲಿ ನಾವು ಕಂಡದ್ದು ಹೇಳುತ್ತೇವೆ. ಸಮೂಹ ನೃತ್ಯಕ್ಕೆ ಹನ್ನೆರಡು ಹುಡುಗಿಯರು. ಅಭ್ಯಾಸದಲ್ಲಿ ಎಲ್ಲರಿಗಿಂತ ಚೆನ್ನಾಗಿ ಕುಣಿಯುವವಳು ಮುಂದಿದ್ದಳು. ಬಾಡಿಗೆ ಬಟ್ಟೆ ಬಂದ ದಿನ ಅವಳು ಹಿಂದಿನ ಸಾಲಿಗೆ ಹೋದಳು. ಕಾರಣ, ಮುಂದಿನ ಸಾಲಿಗೆ ಹಳದಿ ಬಟ್ಟೆ, ಹಿಂದಿನದಕ್ಕೆ ಕಂದು. ಯಾರೂ ಬೈಯಲಿಲ್ಲ, ಹೀಗಳೆಯಲಿಲ್ಲ. 'ನಿನಗೆ ಅದು ಒಪ್ಪುತ್ತದೆ ಪುಟ್ಟಿ' ಎಂದು ಪ್ರೀತಿಯಿಂದಲೇ ಹೇಳಿದರು. ನಾಟಕದಲ್ಲೂ ನೋಡಿ, ಸೀತೆ ಯಾರು, ಶೂರ್ಪನಖಿ ಯಾರು ಎಂದು ಮುಖದ ಬಣ್ಣ ನೋಡಿಯೇ ಗೊತ್ತಾಗುತ್ತದೆ. ದ್ರೌಪದಿಗೆ ಕೃಷ್ಣೆ ಎಂಬ ಹೆಸರೇಕೆ ಬಂತು ಎಂದು ಪಾಠದಲ್ಲಿ ಹೇಳಿ, ವೇದಿಕೆಗೆ ಬೆಳ್ಳಗಿನ ದ್ರೌಪದಿಯನ್ನೇ ಹತ್ತಿಸುತ್ತೇವೆ. ನಮ್ಮ ಕಡೆ ಓದಲು ಬರುವುದು ಹೆಚ್ಚಾಗಿ ಹೊಲಗೆಲಸದವರ ಮಕ್ಕಳು. ಅನುಕೂಲಸ್ಥರು ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿಯಾಗಿದೆ. ಉಳಿದ ಮಕ್ಕಳಲ್ಲೂ ಬಣ್ಣ ನೋಡಿ ಸಾಲು ಮಾಡಿದರೆ ಅವರು ನಮ್ಮ ಶಾಲೆಯನ್ನು ಹೇಗೆ ನೆನೆಸಿಕೊಂಡಾರು?

ಬಟ್ಟೆ ಹಿಡಿದು ನೋಡುವ ಪರೀಕ್ಷೆಯಲ್ಲೂ ಒಂದು ಎಚ್ಚರ ಬೇಕು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬರ ಜೊತೆ ಇನ್ನೊಬ್ಬರನ್ನು ಹೋಲಿಸಲು ಹೋಗಬಾರದು, ಅದು ಬೆಳ್ಳಗಿನವರ ಪೈಪೋಟಿಯಾಗಿ ಮುಗಿಯುತ್ತದೆ. ಒಂದು ಮಗು, ಎರಡು ಬಟ್ಟೆ, ಅಷ್ಟೇ. ಗಂಡುಮಕ್ಕಳನ್ನೂ ಸೇರಿಸಿ, ಅವರಿಗೂ ಈ ನೋವಿದೆ, ಹೇಳಿಕೊಳ್ಳುವುದಿಲ್ಲ. ಮಗು ತನಗೆ ಇಷ್ಟದ ಬಣ್ಣ ಬೇರೆ ಎಂದರೆ ಅದನ್ನೇ ಕೊಡಿ. ಪರೀಕ್ಷೆಯಲ್ಲಿ ಗೆದ್ದ ಬಟ್ಟೆಗಿಂತ ಇಷ್ಟಪಟ್ಟು ಹಾಕಿದ ಬಟ್ಟೆಯಲ್ಲಿ ಮಗು ಚೆನ್ನಾಗಿ ಕುಣಿಯುತ್ತದೆ.

ಈ ಸಲ ಬಾಡಿಗೆ ಬಟ್ಟೆಯ ಅಂಗಡಿಗೆ ಹೋಗುವಾಗ ಒಂದು ಕೆಲಸ ಮಾಡಿ. ಯಾವ ಸಾಲಿಗೆ ಯಾವ ಬಣ್ಣ ಎಂದು ಮೊದಲೇ ಬರೆದುಕೊಂಡು ಹೋಗಬೇಡಿ. ನೃತ್ಯಕ್ಕೆ ನಿಂತ ಮಕ್ಕಳಲ್ಲಿ ಇಬ್ಬರು ಮೂವರನ್ನು, ಅವರ ಅಮ್ಮಂದಿರನ್ನು ಜೊತೆಗೆ ಕರೆದುಕೊಂಡು ಹೋಗಿ. ಬಟ್ಟೆಗಳನ್ನು ಅಂಗಡಿಯ ಒಳಗಿನ ದೀಪದಲ್ಲಿ ನೋಡದೆ ಹೊರಗೆ ತಂದು ಹಿಡಿಯಿರಿ. ಅಂಗಡಿಯವರು ಗೊಣಗಿಯಾರು, ಗೊಣಗಲಿ. ಅರಿಶಿನ ಹಳದಿ ಬಟ್ಟೆ ಇದ್ದರೆ ಎಣ್ಣೆಗಪ್ಪಿನ ಮಗುವಿಗೇ ಮೊದಲು ಹಿಡಿಯಿರಿ.